ಗಡ್ಡಕ್ಕೆ ಒಂದು ದಿನ, ತಲೆಗೆ ಒಂದು ತಿಂಗಳು

ಜೂನ್ ೩, ಸೋಮವಾರ

ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ಅಪ್ಪನ ಬಾಯಿಗೆ ಬೀಗ ಬಿತ್ತು.

ಗಂಟಲೊಳಗಿನ ಎರಡು ಗಂಟು ತೆಗೆಯುವ ಮೊದಲು ಡಾಕ್ಟರು ಬಿಡಿಸಿ ಹೇಳಿದರು. "ಆಪರೇಷನ್ ಆದ್ಮೇಲೆ ಆರು ವಾರ ಒಂದಕ್ಷರ ಹೊರಗೆ ಬರಬಾರದು. ಪಿಸುಮಾತೂ ಬೇಡ, ಗುನುಗೋದೂ ಬೇಡ. ಬಾಯಿ ಬಿಟ್ರೋ, ಇರೋ ದನೀನೂ ಕಳ್ಕೋತೀರ." ಅಪ್ಪ ಗೋಣು ಹಾಕಿದ. ಹದಿನಾರನೇ ವಯಸ್ಸಿನಿಂದ ಕ್ಷೌರದಂಗಡಿಯಲ್ಲಿ ನಿಂತು, ಕೂತವರ ಕಿವಿಗೆ ದಿನವಿಡೀ ಮಾತು ಸುರಿದವನು ಅವನು. ಕಟಿಂಗಿಗಲ್ಲ, ಮಾತಿಗೇ ಜನ ಬರುತ್ತಾರೆ ಎಂದು ಅಮ್ಮ ಹೇಳುತ್ತಾಳೆ.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ನೀನೇನಮ್ಮಾ ಓದ್ತಿದೀಯ?" ಎಂದರು. ನಾನು ನನ್ನ ಚಪ್ಪಲಿ ನೋಡಿದೆ. ಅಪ್ಪನೇ ಆ ಗೊರಗೊರ ದನಿಯಲ್ಲಿ ಹೇಳಿದ: "ಐದನೇ ಕ್ಲಾಸಿಗೆ ಬಿಟ್ಟಳು ಡಾಕ್ಟ್ರೇ. ಆದ್ರೂ ಬರೆಯೋಕೆ ಕೂತ್ರೆ ಪುಟಗಟ್ಟಲೆ ಬರೀತಾಳೆ. ಅಂಗಡೀಲಿ ನನ್ ಜೊತೆ ಇರ್ತಾಳೆ, ಗುಡಿಸ್ತಾಳೆ, ಟವೆಲ್ ಒಗೀತಾಳೆ. ಮಾತು ಮಾತ್ರ ಕೇಳಬೇಡಿ. ಅದನ್ನ ಇವಳ ಪಾಲಿಂದೂ ಸೇರಿಸಿ ನಾನೇ ಆಡಿಬಿಡ್ತೀನಿ."

ನರ್ಸು ನಕ್ಕರು. ಅದೇ ಅಪ್ಪನ ಕೊನೆಯ ಮಾತು. ಛೆ, ಹಾಗೆ ಬರೆಯಬಾರದಿತ್ತು. ಆರು ವಾರದ ಮಟ್ಟಿಗೆ ಕೊನೆಯ ಮಾತು.

ಜೂನ್ ೫, ಬುಧವಾರ

ಅಮ್ಮ ಬಹಳ ಖುಷಿಯಾಗಿದ್ದಾಳೆ. "ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಇವತ್ತು ರೇಡಿಯೋ ವಾರ್ತೆ ಪೂರ್ತಿ ಕೇಳಿದೆ ಕಣೇ" ಎಂದಳು. ಅಪ್ಪ ಗೋಡೆಗೊರಗಿ ಅವಳನ್ನು ದುರುಗುಟ್ಟಿಕೊಂಡು ನೋಡಿದ. ಬರೀ ನೋಟದಲ್ಲಿ ಎಷ್ಟೆಂದು ಬೈಯಲಾಗುತ್ತದೆ?

ಸಂಜೆ ಅಪ್ಪ ಏನೋ ಕೇಳಿದ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದ, ಬಾಗಿಲು ತಳ್ಳಿದಂತೆ ಮಾಡಿದ, ಆಮೇಲೆ ಅಂಗೈ ಬಿಚ್ಚಿ ಅಲ್ಲಾಡಿಸಿದ.

"ಅಂಗಡಿಗೆ ಬೀಗ ಹಾಕಿದೀವಾ ಅಂತಲಾ?" ಅಮ್ಮ ಕೇಳಿದಳು. ಅಲ್ಲ.

"ಕತ್ತರಿ ಎಲ್ಲಿದೆ ಅಂತಲಾ?" ಅಲ್ಲ.

"ಯಾರಾದ್ರೂ ಬಂದಿದ್ರಾ ಅಂತಲಾ?" ಅಲ್ಲ, ಅಲ್ಲ. ಅಪ್ಪನ ಮುಖ ಕೆಂಪಗಾಯಿತು. ತುಟಿ ಬಿರಿಯಿತು. ಅಮ್ಮ ಹಾರಿ ಬಂದು ಅವನ ಬಾಯಿಗೆ ಸೆರಗು ಒತ್ತಿ ಹಿಡಿದಳು.

ಅರ್ಧ ಗಂಟೆಯ ಮೇಲೆ ಗೊತ್ತಾಯಿತು. ಅಂಗಡಿ ಯಾವಾಗ ತೆಗೆಯೋದು ಎಂದು ಕೇಳುತ್ತಿದ್ದ. ಅಂಗಡಿ ಎಂದದ್ದು ತಿಳಿಯಿತು, ತೆಗೆಯುವುದು ಎಂದದ್ದೂ ತಿಳಿಯಿತು. 'ಯಾವಾಗ' ಒಂದು ಸಿಗದೆ ದನಿಯೇ ಹೋಗುವುದರಲ್ಲಿತ್ತು.

ಈ ಡೈರಿ ನಮ್ಮ ಅಂಗಡಿಯ ಎದುರಿನ ಬೇಕರಿಯವರು ಹಿಂದೆಂದೋ ಕೊಟ್ಟದ್ದು. ಅಚ್ಚಾದ ವಾರಗಳು ಈ ವರ್ಷಕ್ಕೆ ಕೂಡುವುದಿಲ್ಲ. ಹೊಡೆದುಹಾಕಿ ಪಕ್ಕದಲ್ಲಿ ಬರೆಯುತ್ತಿದ್ದೇನೆ.

ಜೂನ್ ೭, ಶುಕ್ರವಾರ

ಅಂಗಡಿ ತೆಗೆದೆವು. ಒಂದು ರಟ್ಟಿನ ಮೇಲೆ ದೊಡ್ಡದಾಗಿ ಬರೆದುಕೊಂಡು ಹೋಗಿದ್ದೆ: ಯಾವಾಗ, ಎಲ್ಲಿ, ಯಾರು, ಏನು, ಎಷ್ಟು, ಇಂದು, ನಾಳೆ, ನಿನ್ನೆ. ಅಪ್ಪ ಬೆರಳಿಟ್ಟು ತೋರಿಸಿದರಾಯಿತು ಎಂದುಕೊಂಡಿದ್ದೆ. ಆದರೆ ಅಪ್ಪನಿಗೆ ಓದು ಬರುವುದಿಲ್ಲ. ಗೊತ್ತಿದ್ದೂ ಮರೆತುಬಿಟ್ಟಿದ್ದೆ. ಕೂತವರು ಎಷ್ಟು ಹೊತ್ತಾಗುತ್ತೆ ಎಂದು ಕೇಳಿದರೆ 'ಯಾರು' ಎಂದು ತೋರಿಸಿದ. ಓದು ಬಂದಿದ್ದರೂ ಪ್ರಯೋಜನವಿರಲಿಲ್ಲ. ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಾಚಣಿಗೆ. ಮಾತಿಗೊಮ್ಮೆ ಎರಡನ್ನೂ ಕೆಳಗಿಟ್ಟು ರಟ್ಟಿನ ಹತ್ತಿರ ನಡೆದು ಹೋದರೆ ಒಂದು ತಲೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ.

ಮಾತು ಕತ್ತರಿ ಬಾಚಣಿಗೆಯಲ್ಲೇ ಆಗಬೇಕು. ನಾನು ಗುಡಿಸುತ್ತಾ ಇದನ್ನೇ ಯೋಚಿಸಿದೆ. ಕನ್ನಡಿ, ನೀರು, ಟವೆಲ್, ಕುರ್ಚಿ, ಇವಕ್ಕೆಲ್ಲ ಬಾಚಣಿಗೆ ಚಾಚಿದರೆ ಮುಗಿಯಿತು. ನಾಳೆಗೆ ಬಾಚಣಿಗೆ ಚಾಚುವುದು ಎಲ್ಲಿಗೆ?

ಜೂನ್ ೯, ಭಾನುವಾರ

ಇವತ್ತು ಅಂಗಡಿ ತೆಗೆಯಲಿಲ್ಲ. ಮನೆಯಲ್ಲಿ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಇಡೀ ದಿನ ಕೆಲಸ ಮಾಡಿದೆ.

ಗಾಳಿಯಲ್ಲಿ ಕತ್ತರಿ ಎರಡು ಸಲ ಕಚ್ ಕಚ್ ಎಂದರೆ ಪ್ರಶ್ನೆ ಎಂದು ನಿನ್ನೆ ಮಾಡಿದ್ದೆ. ಅದು ಕೆಟ್ಟಿತು. ಕೂದಲಿಗೂ ಕೂದಲಿಗೂ ನಡುವೆ ಸುಮ್ಮನೆ ಗಾಳಿ ಕತ್ತರಿಸುವುದು ಅಪ್ಪನ ಕೈಯ ರೂಢಿ. ಕೂತವರೆಲ್ಲ "ಏನು? ಏನಂದೆ?" ಎಂದು ತಿರುಗಿ ನೋಡಿ, ಒಬ್ಬರ ಕಿವಿಯ ಹತ್ತಿರ ಕೂದಲು ಮೆಟ್ಟಿಲು ಮೆಟ್ಟಿಲಾಯಿತು. ಈಗ ಕತ್ತರಿ ಮುಚ್ಚಿ ಬಾಚಣಿಗೆಯ ಬೆನ್ನಿಗೆ ಬಡಿಯುವುದು. ಟಕ್ ಟಕ್. ಪ್ರಶ್ನೆ ಬರುತ್ತಿದೆ ಎಂದರ್ಥ.

ಟಕ್ ಟಕ್ ಆದ ಮೇಲೆ ಬಾಚಣಿಗೆ ಎದೆಗೆ: ಯಾರು. ಅಂಗೈ ಮೇಲೆ ಅಡ್ಡ: ಏನು. ಗಾಳಿಯಲ್ಲಿ ಒಂದು ಸುತ್ತು: ಎಲ್ಲಿ. ಹಲ್ಲುಗಳ ಮೇಲೆ ಹೆಬ್ಬೆರಳಿಂದ ಝರ್ರ್ ಎಂದು ಎಳೆದರೆ: ಎಷ್ಟು. ಇದು ಅಪ್ಪನಿಗೆ ಬಹಳ ಇಷ್ಟವಾಗಿ ಊಟದ ಹೊತ್ತಿಗೆ ಸಾರು ಎಷ್ಟು, ಅನ್ನ ಎಷ್ಟು ಎಂದು ಝರ್ ಝರ್ ಎನ್ನಿಸಿದ. ಅಮ್ಮ ಬಾಚಣಿಗೆ ಕಿತ್ತಿಟ್ಟಳು.

ಅಪ್ಪನ ಬಲಗೈ ಪಕ್ಕಕ್ಕೆ ಚಾಚಿದರೆ ನಾಳೆ. ಎಡಗೈ ಚಾಚಿದರೆ ನಿನ್ನೆ. ಎದುರು ಕೂತ ಅಪ್ಪನನ್ನು ನೋಡಿ ಹಾಗೇ ಚಿತ್ರ ಬರೆದು ಕೆಳಗೆ ಅರ್ಥ ಬರೆದೆ. ನಾಳೆ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ಆಗ ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ.

ಜೂನ್ ೧೪, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಅಪ್ಪನ ಗಂಟಲು ತೋರಿಸಲು ಹೋಗುವುದಿತ್ತು. ಅದಕ್ಕೆ ಮೊನ್ನೆ ಬಂದವರಿಗೆಲ್ಲ ಅಪ್ಪ ಹೊಸ ಭಾಷೆಯಲ್ಲಿ ಹೇಳಿದ: ಬಲಗೈ ಚಾಚಿ ನಾಳೆ, ಬಾಚಣಿಗೆ ಜೇಬಿಗಿಳಿಸಿ ರಜೆ. ಎಲ್ಲರೂ ಗೋಡೆಯ ಚಿತ್ರ ನೋಡಿ ತಲೆಯಾಡಿಸಿದರು. ಅಪ್ಪ ಉಬ್ಬಿಹೋಗಿದ್ದ.

ಇವತ್ತು ಬಾಗಿಲು ತೆಗೆದರೆ ಬೇಕರಿಯವರು ಕಾಯುತ್ತಿದ್ದರು. ನಿನ್ನೆ ತಮ್ಮ ವಯಸ್ಸಾದ ತಂದೆಯನ್ನು ಕೈಹಿಡಿದು ಕರೆತಂದು ಬೀಗ ನೋಡಿಕೊಂಡು ಹೋದರಂತೆ. ಅವರೊಬ್ಬರೇ ಅಲ್ಲ, ನಾಲ್ಕು ಜನ.

"ನಿನ್ನೆ ರಜೆ ಅಂದ ನಿಮ್ಮಪ್ಪ! ನಿನ್ನೆ ಅಂದ್ರೆ ಮಂಗಳವಾರ. ಮಂಗಳವಾರ ನಾನೇ ಬಂದು ಗಡ್ಡ ತೆಗೆಸ್ಕೊಂಡು ಹೋಗಿದೀನಿ. ಗಂಟಲು ಕೊಯ್ಯೋಕೆ ಹೋಗಿ ಡಾಕ್ಟ್ರು ತಲೆಗೇ ಕೈ ಹಾಕಿದ್ರೇನೋ ಅಂದ್ಕೊಂಡೆ!"

ಅವರು ಕೂರುವ ಕುರ್ಚಿಯಲ್ಲಿ ನಾನೂ ಕೂತು ನೋಡಿದೆ. ಅಪ್ಪ ಹಿಂದೆ ನಿಂತು ಬಲಗೈ ಚಾಚಿದ. ಗೋಡೆಯ ಚಿತ್ರದತ್ತ ತಿರುಗಿ ನೋಡಿದೆ. ನಾನು ಚಿತ್ರ ಬರೆದದ್ದು ಅಪ್ಪನ ಎದುರು ಕೂತು. ಅಂಗಡಿಯಲ್ಲಿ ಅಪ್ಪನನ್ನು ಯಾರೂ ಎದುರಿಂದ ನೋಡುವುದಿಲ್ಲ, ಕನ್ನಡಿಯಲ್ಲಿ ನೋಡುತ್ತಾರೆ. ಚಿತ್ರದಲ್ಲಿ ಎಡಕ್ಕೆ ಕಾಣುವ ಕೈ ಕನ್ನಡಿಯಲ್ಲಿ ಬಲಕ್ಕೆ ಬರುತ್ತದೆ. ನಾಳೆ ಹೋಗಿ ನಿನ್ನೆಯಾಗುತ್ತದೆ. ಹುಟ್ಟಿದಾಗಿನಿಂದ ಆ ಕನ್ನಡಿಯ ಮುಂದೆ ಗುಡಿಸುತ್ತಿದ್ದೇನೆ, ಅದೊಂದನ್ನೇ ಮರೆತೆ.

ಬೇಕರಿಯವರು ಇನ್ನೂ ಕೇಳುತ್ತಲೇ ಇದ್ದರು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಬಾಯಿ ಮುಚ್ಚಿ ನಿಂತಿದ್ದ. "ಚಿತ್ರ ನಂದು. ಕನ್ನಡಿ ಮರೆತೆ" ಎಂದೆ. ಕಿವಿ ಕಾದ ಹೆಂಚಿನಂತಾಯಿತು. ಚಿತ್ರ ಹರಿದುಹಾಕಿದೆ.

ಜೂನ್ ೧೬, ಭಾನುವಾರ

ಸಿಕ್ಕಿತು!

ಪಕ್ಕದ ಗಡಿಯಾರ ರಿಪೇರಿ ಮಾಮ ಗಡ್ಡ ತೆಗೆಸಿಕೊಳ್ಳುತ್ತಿದ್ದಾಗ ಸಿಕ್ಕಿತು. ಅಪ್ಪ ಕತ್ತಿ ಎಳೆದಾದ ಮೇಲೆ ಬೆರಳಿಂದ ಗಲ್ಲ ಸವರಿ ನೋಡುತ್ತಾನಲ್ಲ, ಕೆಳಮುಖವಾಗಿ ಸವರಿದರೆ ನುಣುಪು, ಮೇಲ್ಮುಖವಾಗಿ ಸವರಿದರೆ ತರಿ. ನುಣುಪು ಅಂದರೆ ತೆಗೆದಾಯಿತು, ಕಳೆದದ್ದು. ತರಿ ಅಂದರೆ ಬೆಳೆಯುತ್ತಿದೆ, ಬರಲಿರುವುದು. ಕನ್ನಡಿ ಎಡಬಲ ಅದಲುಬದಲು ಮಾಡೀತು, ಮೇಲೆ ಕೆಳಗೆ ಮಾಡಲಾರದು.

ಗಡ್ಡ ದಿನಕ್ಕೆ ಬೆಳೆಯುತ್ತದೆ. ಮೀಸೆ ಕತ್ತರಿಸಲು ವಾರಕ್ಕೊಮ್ಮೆ ಬರುತ್ತಾರೆ. ತಲೆಗೆ ತಿಂಗಳು. ಹಾಗಾದರೆ ಬಾಚಣಿಗೆ ಗಲ್ಲದ ಮೇಲೆ ಕೆಳಕ್ಕೆ: ನಿನ್ನೆ. ಗಲ್ಲದ ಮೇಲೆ ಮೇಲಕ್ಕೆ: ನಾಳೆ. ಎರಡು ಸಲ ಎಳೆದರೆ ನಾಡಿದ್ದು. ಮೀಸೆಯ ಮೇಲೆ ಎಳೆದರೆ ಹೋದ ವಾರ, ಬರುವ ವಾರ. ತಲೆಯ ಮೇಲೆ ಎಳೆದರೆ ತಿಂಗಳು. ಅಲ್ಲಾಡಿಸದೆ ಗಲ್ಲಕ್ಕೆ ಇಟ್ಟರೆ ಇವತ್ತು. ಟಕ್ ಟಕ್ ಮಾಡಿ ಗಲ್ಲದ ಮೇಲೆ ಮೇಲೆ ಕೆಳಗೆ ಮೇಲೆ ಕೆಳಗೆ ಆಡಿಸಿದರೆ ಯಾವಾಗ.

ಅಪ್ಪನಿಗೆ ಹೇಳಿದಾಗ ಅವನು ಕತ್ತಿ ಕೆಳಗಿಟ್ಟು ನನ್ನ ತಲೆ ಹಿಡಿದು ಅಲ್ಲಾಡಿಸಿದ. ಗಡಿಯಾರ ಮಾಮ ಅರ್ಧ ನೊರೆಯಲ್ಲೇ ಕೂತು, "ಗಂಟೆ ನಿಮಿಷ ಇಲ್ದೆ ಅದೆಂಥ ಭಾಷೇನೇ ಗುಬ್ಬಿ?" ಎಂದರು. ನಾನು ಮಾತಾಡುವುದಿಲ್ಲವೆಂದು ಅವರು ಕೀಟಲೆಗೆ ನನ್ನನ್ನು ಗುಬ್ಬಿ ಎನ್ನುತ್ತಾರೆ. "ಅಲ್ಲಯ್ಯಾ, ನಿನ್ನ ತಲೇಲಿ ಒಂದು ಕೂದಲಿಲ್ಲ. ನಿನಗೆ ಮುಂದಿನ ತಿಂಗಳೇ ಇಲ್ವಲ್ಲ!" ಎಂದು ಅಪ್ಪನಿಗೂ ಹೇಳಿದರು.

ಅಪ್ಪ ದನಿಯಿಲ್ಲದೆ ನಕ್ಕ. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ನಗಬಹುದೇ ಎಂದು ಡಾಕ್ಟರನ್ನು ಕೇಳಿರಲಿಲ್ಲ.

ಜೂನ್ ೨೦, ಗುರುವಾರ

ಚಿತ್ರ ಅಂಟಿಸಲು ಧೈರ್ಯವಿಲ್ಲ. ಬಂದವರಿಗೆ ಒಬ್ಬೊಬ್ಬರಿಗೂ ತೋರಿಸಿಕೊಡುತ್ತಿದ್ದೇನೆ. ಇವತ್ತು ಹದಿಮೂರು ಜನ. ಬೆಂಚಿನ ಮೇಲೆ ಕಾಯುವವರು ಬೇಗ ಕಲಿಯುತ್ತಾರೆ. ಬೇರೆ ಕೆಲಸವಿಲ್ಲವಲ್ಲ.

ಜೂನ್ ೨೪, ಸೋಮವಾರ

ಟವೆಲ್ ಒಗೆಯುವ ಪುಡಿ ಮುಗಿದಿತ್ತು. ದಿನಸಿ ಅಂಗಡಿಯವನು ಸಣ್ಣ ಪೊಟ್ಟಣ ಕೊಟ್ಟ. ದೊಡ್ಡದು ಎಂದೆ. ಇಲ್ಲ ಎಂದ. ಹಿಂದಿನ ಸಾಲಿನಲ್ಲಿದೆ ನೋಡಿ ಎಂದೆ. ಇತ್ತು. ಇದನ್ನು ಯಾಕೆ ಬರೆದೆನೋ, ಬರೆಯುವಂಥದ್ದೇನೂ ಇವತ್ತು ಆಗಲಿಲ್ಲ.

ಜೂನ್ ೨೮, ಶುಕ್ರವಾರ

ಬೇಕರಿಯವರು ಈಗ ತಮ್ಮ ಅಂಗಡಿಯಿಂದಲೇ ಬೀದಿಯಾಚೆಗೆ ಗಲ್ಲ ಸವರಿ ನಾಳೆ ಬರುತ್ತೇನೆ ಎನ್ನುತ್ತಾರೆ. ಅವರ ತಂದೆಗೆ ಕಿವಿ ಮಂದ. ಅವರಂತೂ ಅಪ್ಪನ ಜೊತೆ ಮುಕ್ಕಾಲು ಗಂಟೆ ಹರಟೆ ಹೊಡೆದರು. ಇಬ್ಬರೂ ಬಾಚಣಿಗೆ ಹಿಡಿದು ಗಲ್ಲ, ಮೀಸೆ, ತಲೆ ಸವರಿಕೊಂಡದ್ದೇ ಸವರಿಕೊಂಡದ್ದು. ನೋಡಿದವರು ಇಬ್ಬರಿಗೂ ತುರಿಕೆ ಎನ್ನಬೇಕು.

ಗಡಿಯಾರ ಮಾಮ ಮಾತ್ರ ತಪ್ಪು ಹುಡುಕುತ್ತಲೇ ಇರುತ್ತಾರೆ. "ಎಲ್ಲ ಸರಿ ಗುಬ್ಬಿ. ಇದರಲ್ಲಿ 'ಯಾಕೆ' ಎಲ್ಲಿದೆ?"

"ಕ್ಷೌರದಂಗಡಿಗೆ ಅದು ಬೇಡ ಮಾಮ" ಎಂದೆ. "ಕಟ್ ಮಾಡು ಅಂತಾರೆ, ಮಾಡ್ತೀವಿ. ಯಾಕೆ ಅಂತ ಯಾರು ಕೇಳ್ತಾರೆ?"

ಅದು ಪೂರ್ತಿ ನಿಜವಲ್ಲ. ಆ ಪದ ನನಗಾಗುವುದಿಲ್ಲ. ಅದನ್ನು ಕೇಳಿದ ಕೂಡಲೇ ಎಲ್ಲ ತಲೆಗಳೂ ಒಟ್ಟಿಗೆ ತಿರುಗುತ್ತವೆ.

ಜುಲೈ ೨, ಮಂಗಳವಾರ

'ಯಾಕೆ' ಅಪ್ಪನೇ ಮಾಡಿದ.

ಸಂಜೆ ಅಂಗಡಿ ಖಾಲಿಯಾಗಿತ್ತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಜಡೆಯ ತುದಿ ಸಮ ಮಾಡುತ್ತಿದ್ದ. ಟಕ್ ಟಕ್ ಎಂದ. ಆಮೇಲೆ ಬಾಚಣಿಗೆಯಿಂದ ನನ್ನ ಕೂದಲು ಎತ್ತಿ ಹಿಡಿದು, ಬಗ್ಗಿ, ಬುಡ ನೋಡಿದ. ಹೊಟ್ಟು ಇದೆಯೇನೋ ಎಂದುಕೊಂಡೆ. ಮತ್ತೆ ಟಕ್ ಟಕ್. ಮತ್ತೆ ಬುಡ. ಬುಡ ತೋರಿಸು ಎನ್ನುತ್ತಿದ್ದಾನೆ ಎಂದು ಆಗ ಹೊಳೆಯಿತು. ಎಂಥ ಒಳ್ಳೆಯ ಪದ. ನನಗೆ ಹೊಳೆದಿರಲಿಲ್ಲ.

ನಂತರ ತಲೆಯ ಮೇಲೆ ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ, ಕೆಳಕ್ಕೆ ಎಳೆದ. ತುಂಬ ತಿಂಗಳುಗಳ ಹಿಂದೆ. ಅಂಗೈ ಮೇಲೆ ಬಾಚಣಿಗೆಯಿಂದ ಬರೆದಂತೆ ಮಾಡಿದ. ಶಾಲೆ. ಬಾಚಣಿಗೆ ಜೇಬಿಗಿಳಿಸಿದ.

ಯಾಕೆ ಬಿಟ್ಟೆ?

ಒಂಬತ್ತು ವರ್ಷದಲ್ಲಿ ಅಪ್ಪ ಇದನ್ನು ಕೇಳಿರಲಿಲ್ಲ. ಕೇಳಿದವರಿಗೆಲ್ಲ ಏನೋ ಒಂದು ಉತ್ತರ ಅವನೇ ಕೊಟ್ಟುಬಿಡುತ್ತಿದ್ದ. ಇವತ್ತು ಕೇಳಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ನಿಂತ. ಅವಸರ ಮಾಡಲಿಲ್ಲ.

ಹೇಳಿದೆ. ಐದನೇ ಕ್ಲಾಸಿಗೆ ಹೊಸ ಟೀಚರ್ ಬಂದರು. ಹಾಜರಿ ಕರೆಯುವಾಗ 'ಇದ್ದೀನಿ' ಎನ್ನಬೇಕಿತ್ತು. ನನಗೆ ದನಿ ಬರುತ್ತಿರಲಿಲ್ಲ. ಅವರು ತಲೆಯೆತ್ತಿ ನೋಡುತ್ತಿರಲಿಲ್ಲ. ಮೂರನೇ ಬೆಂಚಿನಲ್ಲಿ ಕೂತೇ ಇರುತ್ತಿದ್ದೆ, ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತಿತ್ತು. ಒಂದು ಸಲ ನೋಡಿಬಿಟ್ಟು, ಯಾಕೆ ಬಾಯಿ ಬಿಡಲ್ಲ ಎಂದು ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ತಲೆಗಳೆಲ್ಲ ತಿರುಗಿದವು. ವರ್ಷದ ಕೊನೆಗೆ, ನಿಮ್ಮ ಮಗಳು ಶಾಲೆಗೆ ಬಂದೇ ಇಲ್ಲ ಎಂದು ಅಪ್ಪನನ್ನು ಕರೆದು ಹೇಳಿದರು. ಆಮೇಲೆ ನಾನು ಹೋಗಲಿಲ್ಲ. ದಿನಾ ಗೇಟಿನವರೆಗೆ ಬಿಟ್ಟು ಬರುತ್ತಿದ್ದವನು ಅಪ್ಪ. ನಾನು ಕದ್ದು ಎಲ್ಲೋ ಹೋಗುತ್ತಿದ್ದೆನೆಂದೇ ಇಷ್ಟು ವರ್ಷ ತಿಳಿದಿದ್ದನಂತೆ, ಕೇಳಿದರೆ ನಾನು ಅತ್ತೇನೆಂದು ಬಿಟ್ಟನಂತೆ. ಇದನ್ನೆಲ್ಲ ಅವನು ಬಾಚಣಿಗೆಯಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಗೇಟಿಗೆ ಪದವೇ ಇರಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು ಕನ್ನಡಿಗೆ ಎದುರಾಗಿ ನೆಟ್ಟಗೆ ನಿಂತು, ಟೀಚರಂತೆ ಮೂಗಿನ ತುದಿಗೆ ಇಲ್ಲದ ಕನ್ನಡಕ ಜಾರಿಸಿಕೊಂಡ. ಟಕ್ ಟಕ್. ಬಾಚಣಿಗೆ ಎದೆಗೆ. ಬಾಚಣಿಗೆ ಗಲ್ಲಕ್ಕೆ.

ಯಾರು ಇವತ್ತು?

"ಇದ್ದೀನಿ" ಎಂದೆ. ಇಬ್ಬರೂ ನಕ್ಕೆವು.

ಜುಲೈ ೩, ಬುಧವಾರ

ಬಾಗಿಲು ತೆಗೆದ ಕೂಡಲೇ ಹಾಜರಿ ತೆಗೆದುಕೊಂಡ. ಇನ್ನು ದಿನಾ ಇದೇ ಆಗುವ ಹಾಗಿದೆ.

ಜುಲೈ ೬, ಶನಿವಾರ

ಇನ್ನು ಒಂಬತ್ತು ದಿನವಿರುವಾಗ ಇವತ್ತು ಎಲ್ಲ ಹಾಳಾಗುವುದರಲ್ಲಿತ್ತು.

ಅಂಗಡಿ ತುಂಬಿತ್ತು. ಅಪ್ಪನ ಕುರ್ಚಿಯಲ್ಲಿ ಹೊಸಬರೊಬ್ಬರು. ಗಡಿಯಾರ ಮಾಮ ಬೆಂಚಿನ ಮೇಲೆ ಕೂತು ಅವರಿಗೆ ಅರ್ಧ ಮೀಸೆಯ ಕಥೆ ಶುರುಮಾಡಿದರು. ಅದು ಅಪ್ಪನ ಕಥೆ. ಅಪ್ಪನೇ ಸಾವಿರ ಸಲ ಹೇಳಿದ್ದು. ಮಾಮ ಅದನ್ನು ತಪ್ಪು ತಪ್ಪಾಗಿ ಹೇಳತೊಡಗಿದರು.

"ಆವತ್ತು ಒಬ್ಬ ಪೊಲೀಸು ಬಂದಿದ್ದ. ಇವನಿಗೆ ಹೆದರಿಕೆ, ಕೈ ನಡುಗಿ ಅರ್ಧ ಮೀಸೆ ಹೋಯ್ತು..."

ಅಪ್ಪನ ಕತ್ತರಿ ನಿಂತಿತು. ಕೈ ನಡುಗಿತು ಎನ್ನುವುದೇ! ಮೂವತ್ತು ವರ್ಷದ ಕೈ! ಕನ್ನಡಿಯಲ್ಲಿ ಅವನ ಕತ್ತಿನ ನರ ಉಬ್ಬಿದ್ದು ಕಂಡಿತು. ಮೂಗಿನಿಂದ ಉಸಿರೆಳೆದ. ಬಾಯಿ ತೆರೆಯಿತು. ಒಳಗಿಂದ 'ಏ' ಎನ್ನುವುದು ಹೊರಟೇಬಿಟ್ಟಿತ್ತು.

"ಪೊಲೀಸಲ್ಲ!" ಎಂದು ಯಾರೋ ಜೋರಾಗಿ ಕೂಗಿದರು.

ಎಲ್ಲ ತಲೆಗಳೂ ತಿರುಗಿದವು. ನನ್ನ ಕಡೆಗೆ. ಪೊರಕೆ ಹಿಡಿದು ನಡುಮನೆಯಲ್ಲಿ ನಿಂತಂತೆ ಅಂಗಡಿಯ ಮಧ್ಯೆ ನಿಂತಿದ್ದೆ. ಅಪ್ಪನ ಬಾಯಿ ಇನ್ನೂ ತೆರೆದೇ ಇತ್ತು. ನಾನು ನಿಲ್ಲಿಸಿದರೆ ಅವನು ಶುರುಮಾಡುತ್ತಾನೆ. ಮುಂದುವರಿಸಿದೆ.

"ಬೆಂಕಿ ಆರಿಸೋರು ಮಾಮ ಅವರು. ಎಡಗಡೆ ಮೀಸೆ ತೆಗೆದು ಅಪ್ಪ ಬಲಗಡೆಗೆ ನೊರೆ ಹಚ್ತಿದ್ದ, ಅಷ್ಟರಲ್ಲಿ ಎಲ್ಲೋ ಬೆಂಕಿ ಬಿದ್ದಿದೆ ಅಂತ ಗಂಟೆ ಹೊಡೀತು. ಬಟ್ಟೇನೂ ಬಿಚ್ಚಲಿಲ್ಲ, ಕುತ್ತಿಗೆಗೆ ಕಟ್ಟಿದ್ದು ಕಟ್ಟಿದ ಹಾಗೇ ಓಡಿದ್ರು. ಅಪ್ಪ ಕತ್ತಿ ಹಿಡ್ಕೊಂಡು ಹಿಂದೆ ಓಡಿದ. ಬೀದಿ ಜನ ಕೊಲೆ ಕೊಲೆ ಅಂತ ಬಾಗಿಲು ಹಾಕ್ಕೊಂಡ್ರು..."

ಅಪ್ಪ ಬಾಯಿ ಮುಚ್ಚಿದ. ಆಮೇಲೆ ಕತ್ತರಿ ಶುರುವಾಯಿತು. ಓಡುವ ಕಡೆ ಕಚಕಚಕಚ, ಬಾಗಿಲು ಹಾಕಿದ ಕಡೆ ಒಂದೇ ಕಚ್. ನಾನು ಮರೆತ ಕಡೆ ಬಾಚಣಿಗೆಯಲ್ಲಿ ಜ್ಞಾಪಿಸಿದ. ಮರುದಿನದ ಪತ್ರಿಕೆಯಲ್ಲಿ ಅರ್ಧ ಮೀಸೆಯ ಸಾಹಸಿಯ ಫೋಟೋ ಬಂತು ಎನ್ನುವಲ್ಲಿಗೆ ಬಂದಾಗ ಹೊಸಬರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು.

"ಉಳಿದರ್ಧ?" ಎಂದು ಕೇಳಿದರು.

ಅಪ್ಪ ನನ್ನನ್ನು ನೋಡಿ ಗಲ್ಲದ ಮೇಲೆ ಬಾಚಣಿಗೆ ಒಂದು ಸಲ ಮೇಲಕ್ಕೆ ಎಳೆದ. ಬೆಂಚಿನಲ್ಲಿದ್ದ ಐದೂ ಜನ ಒಟ್ಟಿಗೆ, "ಮಾರನೇ ದಿನ!" ಎಂದರು.

ಗಡಿಯಾರ ಮಾಮ ಹೋಗುವಾಗ, "ಬೇಕಂತಲೇ ತಪ್ಪು ಹೇಳಿದೆ ಕಣೇ, ಇವನ ಮುಖ ನೋಡೋಣ ಅಂತ" ಎಂದರು. ಅವರಿಗೆ ಚೆನ್ನಾಗಿ ಬೈದೆ. ಬೈದಾದ ಮೇಲೆ ಟೀ ತರಿಸಿಕೊಟ್ಟೆ.

ಜುಲೈ ೧೫, ಸೋಮವಾರ

ಡಾಕ್ಟರು ಅಪ್ಪನ ಗಂಟಲಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅಮ್ಮ ನನ್ನ ಕೈ ಹಿಂಡುತ್ತಿದ್ದಳು. ರೇಡಿಯೋ ಸಾಕಾಗಿದೆ ಎಂದು ವಾರದಿಂದ ಹೇಳುತ್ತಿದ್ದಾಳೆ.

"ಪೂರ್ತಿ ವಾಸಿಯಾಗಿದೆ. ಎಲ್ಲಿ, ಒಂದು ಮಾತು ಹೇಳಿ ನೋಡೋಣ."

ಅಪ್ಪ ಯೋಚಿಸಿದ. ಆರು ವಾರ ಕೂಡಿಟ್ಟ ಮಾತಿನಲ್ಲಿ ಯಾವುದನ್ನು ಮೊದಲು ತೆಗೆಯುವುದು? ನನ್ನ ಕಡೆ ನೋಡಿದ.

"ಇದ್ದೀನಿ" ಎಂದ.

ಹಳೆಯ ಗೊರಗೊರ ಇರಲಿಲ್ಲ. ಶುದ್ಧವಾದ ದನಿ. ಅಮ್ಮ ಅತ್ತಳು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಮೆಲ್ಲಗೆ ಮಾತಾಡಬೇಕು, ಕೂಗಬಾರದು ಎಂದರು. ಬಿಸಿನೀರು ಎಷ್ಟು ಸಲ, ತಣ್ಣಗಿನದು ಯಾವಾಗ, ಮುಂದೆ ಯಾವತ್ತು ಬರಬೇಕು ಎಂದೆಲ್ಲ ಕೇಳಿ ಬರೆದುಕೊಂಡೆ.

ಜುಲೈ ೧೬, ಮಂಗಳವಾರ

ಅಂಗಡಿಯಲ್ಲಿ ಜಾತ್ರೆ. ಅಪ್ಪನ ದನಿ ಕೇಳಲೆಂದೇ ಕೂದಲಿಲ್ಲದವರೂ ಬಂದಿದ್ದರು. ಬೆಳಿಗ್ಗೆಯಿಂದ ಮೆಲುದನಿಯಲ್ಲೇ ಊರ ಸುದ್ದಿಯೆಲ್ಲ ಹರಟಿದ. ಬೇಕರಿಯವರ ತಂದೆ ಮಾತ್ರ ಮುನಿಸಿಕೊಂಡು, ತಮ್ಮ ಬಾಚಣಿಗೆ ತೆಗೆದು ತೋರಿಸಿದರು. ಅವರ ಜೊತೆ ಅಪ್ಪ ಹಳೆಯ ರೀತಿಯಲ್ಲೇ ಮಾತಾಡಿದ.

ಮಧ್ಯಾಹ್ನ ಆವತ್ತಿನ ಹೊಸಬರು ಮತ್ತೆ ಬಂದರು. ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ನನ್ನನ್ನು ನೋಡಿ, "ನೀನು ಏನೋ ಬರೀತೀಯಂತಲ್ಲಮ್ಮಾ. ಏನು ಬರೀತೀಯ?" ಎಂದರು.

ಅಪ್ಪನ ಬಾಯಿ ತೆರೆದದ್ದು ಕನ್ನಡಿಯಲ್ಲಿ ಕಂಡೆ. ಮುಚ್ಚಿದ್ದೂ ಕಂಡೆ. ಕತ್ತರಿ ಮುಚ್ಚಿ ಬಾಚಣಿಗೆಯ ಬೆನ್ನಿಗೆ ಎರಡು ಸಲ ಮೆಲ್ಲಗೆ ಬಡಿದು, ಸುಮ್ಮನೆ ನಿಂತ. ಟಕ್ ಟಕ್.

ಅವರಿಗೆ ಹೇಳಿದೆ. ಕನ್ನಡಿಯಿಂದ ಶುರುಮಾಡಿ ಗಡ್ಡ, ಮೀಸೆ, ತಲೆ ಎಲ್ಲ ತೋರಿಸಿ ಹೇಳುವಷ್ಟರಲ್ಲಿ ಅವರ ಕಟಿಂಗ್ ಮುಗಿದಿತ್ತು. ಅಪ್ಪ ಉದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಪಾಪ, ಗಂಟಲು ಇನ್ನೂ ನೋಯುತ್ತಿರಬೇಕು. ಮುಂದಿನ ಸಲ ಡಾಕ್ಟರನ್ನು ಕೇಳಬೇಕು. ನಾನೇ ಕೇಳುತ್ತೇನೆ.